ತಾಳ ತಪ್ಪುವುದೆಲ್ಲಿ?

ಪ್ರಶ್ನೆ: ಮಗಳು ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯನ್ನು ನಿಧಾನವಾಗಿ ಶುರು ಮಾಡಿದರೂ ನಾಲ್ಕೈದು ಆವರ್ತ (ತಾಳದ ಪೂರ್ತಿ ಸುತ್ತು) ಕಳೆಯುವಷ್ಟರಲ್ಲಿ ಓಡತೊಡಗುತ್ತಾಳೆ. ಮೊಬೈಲಿನ ಮೆಟ್ರೋನೋಮ್ (ಸಮ ಅಂತರದಲ್ಲಿ ಟಿಕ್ ಎನ್ನುವ ಲಯಯಂತ್ರ) ಹಾಕಿದರೆ ಸರಿಹೋದೀತೇ? (ಶಿವಮೊಗ್ಗ)

ಉತ್ತರ: ಮೊದಲು ಅವಳ ಕೈ ನೋಡಿ. ಆದಿತಾಳದ ಆವರ್ತಕ್ಕೆ ಎಂಟು ಅಕ್ಷರ, ಅಂದರೆ ಎಣಿಕೆ: ಒಂದು ಪೆಟ್ಟು, ಮೂರು ಬೆರಳೆಣಿಕೆ (ಕಿರು, ಉಂಗುರ, ನಡು), ಆಮೇಲೆ ಒಂದು ಪೆಟ್ಟು ಒಂದು ಹುಸಿ ಸೇರಿದ ‘ದ್ರುತ’ ಎರಡು ಸಲ. ಇವುಗಳಲ್ಲಿ ಪೆಟ್ಟುಗಳಿಗಷ್ಟೇ ಸದ್ದುಂಟು. ಬೆರಳೆಣಿಕೆಗೂ ಅಂಗೈ ತಿರುಗಿಸುವ ಹುಸಿಗೂ ಸದ್ದಿಲ್ಲ. ಮಕ್ಕಳು ಅವಸರ ಮಾಡುವುದು ಹೆಚ್ಚಾಗಿ ಅಲ್ಲೇ. ಕೆಲವು ದಿನ ಹಾಡು ಬಿಟ್ಟು, ಒಂದೊಂದು ಅಕ್ಷರಕ್ಕೂ ‘ತಕಧಿಮಿ’ ಹೇಳಿಸುತ್ತಾ ಬರೀ ತಾಳ ಹಾಕಿಸಿ. ಆಮೇಲೆ ಮೆಟ್ರೋನೋಮನ್ನು 60ಕ್ಕೆ ಇಡಿ: ಅಕ್ಷರಕ್ಕೆ ಒಂದು ಸೆಕೆಂಡು, ಆವರ್ತಕ್ಕೆ ಎಂಟು. ಆದರೆ ಅಲ್ಲೇ ನಿಲ್ಲಿಸಬೇಡಿ. ಅಕ್ಷರಕ್ಕೊಂದು ಸದ್ದು ಸಿಗುತ್ತಿದ್ದರೆ ಮಗು ಅದರ ಹಿಂದೆ ಹೋಗುತ್ತದೆಯೇ ಹೊರತು ಲಯ ಅದಕ್ಕೆ ಸ್ವಂತವಾಗುವುದಿಲ್ಲ. ಅದೇ ನಡೆಯಲ್ಲಿ ಹಾಡಿಸುತ್ತಾ ಯಂತ್ರವನ್ನು ಮಾತ್ರ 30ಕ್ಕೆ ಇಳಿಸಿದರೆ 1, 3, 5, 7ನೇ ಅಕ್ಷರಕ್ಕಷ್ಟೇ ಸದ್ದು ಬರುತ್ತದೆ. ಕೈಗೂ ಸದ್ದಿಗೂ ಎಲ್ಲಿ ಹೊಂದುವುದಿಲ್ಲವೋ ಓಟದ ಶುರು ಅಲ್ಲಿ.

ಪ್ರಶ್ನೆ: ಸಮದಲ್ಲಿ (ಆವರ್ತದ ಮೊದಲ ಪೆಟ್ಟಿನಲ್ಲಿ) ಎತ್ತುವ ಕೃತಿಗೆ ಮುಕ್ತಾಯ (ಮೂರು ಸಲ ನುಡಿಸಿ ಮುಗಿಸುವ ಜತಿ) ನುಡಿಸಿದರೆ ಸರಿಯಾಗಿ ಬಂದು ಕೂರುತ್ತದೆ. ಎಡುಪು, ಅಂದರೆ ಹಾಡು ಎತ್ತುವ ಜಾಗ, ಸಮ ಬಿಟ್ಟು ಬೇರೆ ಕಡೆ ಇದ್ದರೆ ಕೆಡುತ್ತದೆ. ಲೆಕ್ಕ ಹೇಗೆ? (ಮೃದಂಗ ವಿದ್ಯಾರ್ಥಿ, ಮೈಸೂರು)

ಉತ್ತರ: ಎಡುಪಿನಿಂದ ಹಿಂದಕ್ಕೆ ಎಣಿಸಬೇಕು. ಆದಿತಾಳ, ಚತುರಶ್ರ ಗತಿ (ಅಕ್ಷರಕ್ಕೆ ನಾಲ್ಕು ಮಾತ್ರೆ) ಎಂದಿಟ್ಟುಕೊಳ್ಳಿ; ಆವರ್ತಕ್ಕೆ 32 ಮಾತ್ರೆ. ‘ತದಿಗಿಣತೋಂ’ ಐದು ಮಾತ್ರೆ, ಮೂರು ಸಲಕ್ಕೆ 15. ನಡುವೆ ಎರಡೆರಡು ಮಾತ್ರೆಯ ಎರಡು ಕಾರ್ವೆ (ಬಿಡುವು) ಸೇರಿಸಿದರೆ 19. ಸಮದ ಎಡುಪಾದರೆ 32ರಲ್ಲಿ 19 ಕಳೆದು ಉಳಿದ 13 ಮಾತ್ರೆ ಬಿಟ್ಟು ಎತ್ತಿ, ಅಂದರೆ ನಡುಬೆರಳಿನ ಎರಡನೇ ಮಾತ್ರೆಯಲ್ಲಿ.

ಎಡುಪು ಸಮದ ನಂತರ ಒಂದೂವರೆ ಅಕ್ಷರಕ್ಕೆ ಇದೆಯೆನ್ನಿ. ಅದು ಆರು ಮಾತ್ರೆ. ಶುರುವನ್ನೂ ಅಷ್ಟೇ ಮುಂದಕ್ಕೆ ತಳ್ಳಬೇಕು: 19 ಮಾತ್ರೆ ಬಿಟ್ಟು, ಮೊದಲ ದ್ರುತದ ಪೆಟ್ಟಿನ ಕೊನೆಯ ಮಾತ್ರೆಯಲ್ಲಿ ಎತ್ತಿದರೆ ಸಮ ದಾಟಿ ಎಡುಪಿಗೆ ಸರಿಯಾಗಿ ಮುಗಿಯುತ್ತದೆ. ಲೆಕ್ಕ ಸರಿಯಿದ್ದೂ ಕೆಡಲು ಎರಡು ಕಾರಣ. ಸಮ ಬಂದಾಗ ಕೈ ಅಭ್ಯಾಸಬಲದಿಂದ ಅಲ್ಲೇ ಒತ್ತು ಕೊಟ್ಟು ನಿಲ್ಲುತ್ತದೆ. ಇನ್ನೊಂದು, ಮೂರನೆಯ ‘ತೋಂ’ ಆದಮೇಲೂ ಕಾರ್ವೆ ಕೊಡುವುದು. ಆಗ ಅರ್ಧ ಅಕ್ಷರ ಆಚೆ ಹೋಗುತ್ತೀರಿ. ತಬಲಾದ ತಿಹಾಯಿ (ಅಲ್ಲಿಯೂ ಮೂರು ಸಲ ನುಡಿಸಿ ಮುಗಿಸುವುದು) ಕೇಳಿ ಅದನ್ನೇ ಮೃದಂಗಕ್ಕೆ ಇಳಿಸುವವರಿಗೂ ಒಂದು ಮಾತು: ಅಲ್ಲಿ ಕೊನೆಯ ‘ಧಾ’ ಸಮದ ಮೇಲೆಯೇ ಬೀಳುತ್ತದೆ, ನಮ್ಮಲ್ಲಿ ಮುಕ್ತಾಯ ಎಡುಪಿನ ಮುಂಚೆಯೇ ಮುಗಿದು ಎಡುಪನ್ನು ಹಾಡಿಗೆ ಬಿಟ್ಟುಕೊಡುತ್ತದೆ.

ಪ್ರಶ್ನೆ: ಭರತನಾಟ್ಯದ ವಿಡಿಯೋ ಎಡಿಟ್ ಮಾಡುವಾಗ ಮೊದಮೊದಲು ತಾಳಕ್ಕೆ ಕೂರುವ ಕಟ್‌ಗಳು ಬರಬರುತ್ತಾ ಜಾರುತ್ತವೆ. ಹೆಜ್ಜೆಯ ಸದ್ದೂ ತುಸು ತಡ. (ಉಡುಪಿ)

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಸೆಕೆಂಡಿಗೆ 24 ಫ್ರೇಮಿನ ವಿಡಿಯೋದಲ್ಲಿ, ನಿಮಿಷಕ್ಕೆ 80 ಅಕ್ಷರದ ನಡೆಯಿದ್ದರೆ ಅಕ್ಷರಕ್ಕೆ ಸರಿಯಾಗಿ 18 ಫ್ರೇಮು. ನಡೆ 70 ಆದರೆ 20.57. ಫ್ರೇಮನ್ನು ತುಂಡು ಮಾಡಲಾಗದ್ದರಿಂದ 21 ಎಂದು ಹಿಡಿದು ಜೋಡಿಸುತ್ತಾ ಹೋದರೆ ಆದಿತಾಳದ ಆವರ್ತಕ್ಕೆ ಸುಮಾರು ಮೂರೂವರೆ ಫ್ರೇಮು, ಹತ್ತು ಆವರ್ತಕ್ಕೆ ಸುಮಾರು 1.4 ಸೆಕೆಂಡು ಹಿಂದೆ ಬೀಳುತ್ತೀರಿ. ಅದೂ ಅಲ್ಲದೆ ಹಾಡುಗಾರರ ನಡೆ ಯಂತ್ರದಂತೆ ಒಂದೇ ಸಮ ಇರುವುದೂ ಇಲ್ಲ. ಪೂರ್ತಿ ಧ್ವನಿಯನ್ನು ಟೈಮ್‌ಲೈನಿನಲ್ಲಿ ಹಾಸಿ, ನಟುವಾಂಗದ (ನೃತ್ಯಕ್ಕೆ ಗುರು ಹಾಕುವ ಕೈತಾಳದ) ತಾಳ ಕೇಳುತ್ತಾ ಪ್ರತಿ ಸಮಕ್ಕೂ ಮಾರ್ಕರ್ ಹಾಕಿ, ಆಮೇಲೆ ಕತ್ತರಿ ಹಿಡಿಯಿರಿ.

ಹೆಜ್ಜೆಯ ಸದ್ದು ತಡವಾಗುವುದು ದೂರದಿಂದ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಕ್ಯಾಮೆರಾ ವೇದಿಕೆಯಿಂದ 28 ಮೀಟರ್ ಹಿಂದಿದ್ದರೆ ಎರಡು ಫ್ರೇಮು ವ್ಯತ್ಯಾಸ. ವೇದಿಕೆಯ ಮಿಕ್ಸರಿನಿಂದ ಧ್ವನಿ ತೆಗೆದುಕೊಂಡರೆ ಈ ತೊಂದರೆ ಬಹುಮಟ್ಟಿಗೆ ಇರುವುದಿಲ್ಲ. ಕ್ಯಾಮೆರಾದ ಮೈಕೇ ಗತಿಯಾದರೆ ಧ್ವನಿಯನ್ನು ಅಷ್ಟು ಫ್ರೇಮು ಮುಂಚಿತವಾಗಿ ಶುರುವಾಗುವಂತೆ ಸರಿಸಿ.