ಗೋವಾವೇಸಿಗೆ ಬಾಗಿಲು ಎಲ್ಲಿ?

ಬೆಳಗಾವಿಗೆ ವರ್ಗವಾಗಿ ಬಂದು ತಿಂಗಳಾಯಿತು, ಇಲ್ಲಿಯವರ ಅರ್ಧ ಮಾತು ಮರಾಠಿ, ಕನ್ನಡ ಕೆಟ್ಟುಹೋಗಿದೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಆ ‘ಬೇಜಾರು’ ಇದೆಯಲ್ಲ, ಅದು ಫಾರಸಿಯದು. ನೀವು ಬೆಂಗಳೂರಿನವರು ದಿನಕ್ಕೆ ಹತ್ತು ಸಲ ಹೇಳುವ ‘ಸಖತ್’ ಕೂಡ ಅಲ್ಲಿಯದೇ. ಮೂಲದಲ್ಲಿ ಅದಕ್ಕೆ ಗಟ್ಟಿ, ಕಠಿಣ ಅನ್ನುವ ಅರ್ಥ. ‘ಬಿಂದಾಸ್’ ಅಂತೂ ನಮ್ಮ ಪಕ್ಕದ ಮನೆಯದು. ಮರಾಠಿಯಲ್ಲಿ ‘ಧಾಸ್ತಿ’ ಅಂದರೆ ಭಯ, ‘ಬಿನಧಾಸ್ತ’ ಅಂದರೆ ಯಾವ ಭಯವೂ ಇಲ್ಲದವನು. ನಿಮ್ಮ ಮಾತುಗಳು ದೂರದಿಂದ ಸುತ್ತಿಕೊಂಡು ಬಂದವು, ನಮ್ಮವು ಪಕ್ಕದ ಓಣಿಯಿಂದ ನಡೆದು ಬಂದವು. ಅಷ್ಟೇ ಅಲ್ವಾ?

ಈಗ ‘ವೇಸ್’ ಅಂದರೇನು ಅನ್ನುವ ನಿಮ್ಮ ಪ್ರಶ್ನೆ. ಗೋವಾವೇಸ್, ಕಾಕತಿವೇಸ್, ಬೋಗಾರವೇಸ್ ಅಂತ ಆಟೋದವರು ಹೇಳುವುದನ್ನು ಕೇಳಿದ್ದೀರಿ. ಮರಾಠಿಯಲ್ಲಿ ‘ವೇಸ್’ ಅಂದರೆ ಊರಿನ ಹೆಬ್ಬಾಗಿಲು. ನಮ್ಮ ಹಳ್ಳಿಗಳಲ್ಲಿ ‘ಅಗಸಿ’ ಅನ್ನುತ್ತೇವಲ್ಲ, ಅದೇ. ಗೋವಾ ಕಡೆಯದು ಗೋವಾವೇಸ್, ಕಾಕತಿ ಊರಿನ ಕಡೆಯದು ಕಾಕತಿವೇಸ್. ಇನ್ನು ಬೋಗಾರವೇಸ್ ನೋಡಿ. ಬೋಗಾರ ಅಂದರೆ ಕಂಚು ಹಿತ್ತಾಳೆಯ ಪಾತ್ರೆ ಮಾಡುವವರು, ಕನ್ನಡದ ಮಾತು. ಅದಕ್ಕೆ ಮರಾಠಿಯ ಬಾಗಿಲು ಕೂಡಿಸಿದ್ದಾರೆ. ಯಾವ ಭಾಷೆಯವರು ಯಾರದನ್ನು ಕೆಡಿಸಿದರು ಅಂತ ಹೇಳುತ್ತೀರಿ? ಇವತ್ತು ಅಲ್ಲಿ ಹೋಗಿ ನಿಂತರೆ ಬಾಗಿಲೂ ಇಲ್ಲ, ಚೌಕಟ್ಟೂ ಇಲ್ಲ. ಬರೀ ಗಾಡಿಗಳ ಗದ್ದಲ.

ಬಾಗಿಲು ಹೋದರೂ ಹೆಸರು ಬಿಡದ ಚಟ ನಮಗೆ ಈಗಲೂ ಇದೆ. ಟಿಳಕವಾಡಿಯಲ್ಲಿ ಯಾರನ್ನಾದರೂ ದಾರಿ ಕೇಳಿ, ಫಸ್ಟ್ ಗೇಟ್, ಸೆಕೆಂಡ್ ಗೇಟ್, ಥರ್ಡ್ ಗೇಟ್ ಅಂತಲೇ ಶುರು ಮಾಡುತ್ತಾರೆ. ಎಲ್ಲವೂ ರೈಲ್ವೆ ಗೇಟುಗಳು. ಥರ್ಡ್ ಗೇಟಿಗೆ ಈಗ ಮೇಲ್ಸೇತುವೆ ಆಗಿದೆ. ಆದರೂ ಸೇತುವೆ ಪಕ್ಕ ಗಾಡಿ ನಿಲ್ಲಿಸಿಕೊಂಡು ಫೋನಿನಲ್ಲಿ ‘ಥರ್ಡ್ ಗೇಟ್ ಹತ್ರ ಅದೀನಿ, ಲಗೂನ ಬಾ’ ಅನ್ನುತ್ತಾರೆ.

ಅಲ್ಲೇ ಇರುವ ಕಾಂಗ್ರೆಸ್ ರೋಡಿನ ಹೆಸರಿಗೆ ಯಾವುದೋ ಪಕ್ಷದ ಕಚೇರಿ ಕಾರಣ ಅಂದುಕೊಳ್ಳಬೇಡಿ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರಲ್ಲಿ ಇಲ್ಲೇ ನಡೆದದ್ದು. ಆಗ ನೀರಿಗಾಗಿ ತೋಡಿಸಿದ ಬಾವಿ ಇವತ್ತಿಗೂ ಕಾಂಗ್ರೆಸ್ ಬಾವಿ. ಮಳೆಗಾಲದಲ್ಲಿ ಖಾಲಿ ಸೈಟುಗಳಲ್ಲಿ ಬೆಳೆಯುವ ಬಿಳಿ ಹೂವಿನ ಕಾಂಗ್ರೆಸ್ ಕಸಕ್ಕೂ ಇದಕ್ಕೂ ಸಂಬಂಧವಿಲ್ಲ. ನಗಬೇಡಿ, ನಿಮ್ಮಲ್ಲಿ ಕಾಂಗ್ರೆಸ್ ಕಡಲೆಬೀಜ ಅಂತ ಬೇಕರಿಯಲ್ಲೇ ಮಾರುತ್ತಾರಲ್ಲ!

ಲೆಕ್ಕದ ಮಾತು ಮಾತ್ರ ನೀವು ಬೇಗ ಕಲಿಯಬೇಕು. ನಮ್ಮ ವೈನಿ, ಅಂದರೆ ನಿಮ್ಮ ಕಡೆಯ ಅತ್ತಿಗೆ, ತುಮಕೂರಿನವರು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಜೊತೆ ಸಂತೆಗೆ ಬಂದಿದ್ದರು. ಉಳ್ಳಾಗಡ್ಡಿ ಮಾರುವ ಮಾವಶಿ ತಕ್ಕಡಿ ಎತ್ತಿ ಹಿಡಿದು, ‘ದೀಡ ಕಿಲೋ ಆತ ನೋಡ್ರಿ ಅಕ್ಕಾರ, ಹಾಕಲೇನ್ರಿ?’ ಅಂದಳು. ಮರಾಠಿಯಲ್ಲಿ ಏನೋ ಜಾಸ್ತಿ ತೂಗಿ ಹಾಕುತ್ತಿದ್ದಾಳೆ ಅಂತ ವೈನಿಗೆ ಗಾಬರಿ. ‘ಬೇಡ ಬೇಡ, ದೀಡ ಬೇಡ, ಒಂದೂವರೆ ಕೊಡಿ ಸಾಕು’ ಅಂದರು. ಮಾವಶಿ ತಕ್ಕಡಿ ಕೆಳಗಿಟ್ಟು ನಕ್ಕಳು. ದೀಡ ಅಂದರೇ ಒಂದೂವರೆ. ದೀಡನೂರು ನೂರೈವತ್ತು. ಅಡೀಚ ಅಂದರೆ ಎರಡೂವರೆ. ಈಗ ವೈನಿಯೇ ‘ದೀಡನೂರಕ್ಕ ಕೊಡ್ರಿ’ ಅಂತ ಚೌಕಾಸಿ ಮಾಡುತ್ತಾರೆ, ನಾವು ಪಕ್ಕದಲ್ಲಿ ಚೀಲ ಹಿಡಿದು ನಿಲ್ಲುವುದು.

ತಿಂಗಳ ಕೊನೆಗೆ ನಿಮ್ಮ ಕಚೇರಿಯವರು ‘ಪಗಾರ ಆತೇನ್ರಿ?’ ಅಂತ ಕೇಳುತ್ತಾರೆ. ಇದೂ ಮರಾಠಿ ಅನ್ನುತ್ತೀರಿ. ಮರಾಠಿಯವರೂ ತಮ್ಮದೇ ಅಂದುಕೊಂಡಿದ್ದಾರೆ. ಅದು ಪೋರ್ಚುಗೀಸ್ ಮಾತು, ‘ದುಡ್ಡು ಕೊಡುವುದು’ ಅಂತ ಅರ್ಥ. ಘಟ್ಟ ಇಳಿದರೆ ಗೋವಾ, ಅಲ್ಲಿ 1961ರ ತನಕ ಅವರದೇ ಆಳ್ವಿಕೆ. ಬಟಾಟಿ ಅಂದರೆ ಆಲೂಗಡ್ಡೆ, ಪಾವ್ ಅಂದರೆ ಬ್ರೆಡ್, ಆ ಮಾತುಗಳೂ ಅವರವೇ. ಮಾತು ಒಂದೇ ಕಡೆ ಹರಿಯಿತು ಅಂತಲೂ ತಿಳಿಯಬೇಡಿ. ಮರಾಠಿ ಮನೆಯ ಅಜ್ಜಿ ಎಲೆಚೀಲದಿಂದ ತೆಗೆಯುವ ‘ಅಡಕಿತ್ತಾ’ ನಮ್ಮ ಅಡಕೊತ್ತೇ.

ಇನ್ನು ‘ಕುಂದಾನಗರಿ’. ಅದು ಪತ್ರಿಕೆಯ ತಲೆಬರಹದಲ್ಲಿ, ಭಾಷಣದಲ್ಲಿ ನಮ್ಮ ಊರಿಗೆ ಬರುವ ಹೆಸರು. ಬಸ್ಸಿನಲ್ಲಿ ಕೂತು ಯಾರೂ ‘ಕುಂದಾನಗರಿಗೆ ಒಂದು ಟಿಕೆಟ್’ ಅನ್ನುವುದಿಲ್ಲ. ‘ಬೆಳಗಾವಿ’ಯೇ ಸರಕಾರಿ ಹೆಸರಾದದ್ದು 2014ರ ನವೆಂಬರ್ 1ರಂದು. ಆದರೂ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ‘ಬೆಳಗಾಂವ’. ಕುಂದಾ ಮಾತ್ರ ನಿಜವಾದದ್ದು, ಹಾಲು ಬತ್ತಿಸಿ, ಸಕ್ಕರೆ ಹಾಕಿ, ಕಂದುಬಣ್ಣ ಬರುವ ತನಕ ತಿರುವಿದ್ದು. ಊರಿಗೆ ಹೋಗುವಾಗ ಒಯ್ಯಿರಿ. ಅಂಗಡಿಯವರು ‘ಪಾವ ಕಿಲೋ ಕೊಡ್ಲೇನ್ರಿ?’ ಅಂದರೆ ಬ್ರೆಡ್ ಬೇಡ ಅಂತ ವಾಪಸ್ ಬರಬೇಡಿ. ಈ ಪಾವ ಅಂದರೆ ಕಾಲು.