ರೀಬಿಲ್ಡ್ ಮಾಡಿಸಿದ ಎಂಜಿನ್ ನೀಲಿ ಹೊಗೆ ಬಿಡುತ್ತಿದೆ, ಗ್ಯಾರೇಜಿನವರು ಗ್ಯಾರಂಟಿ ಒಪ್ಪುತ್ತಿಲ್ಲ. ಬೇರೆ ಮೆಕ್ಯಾನಿಕ್ ಕೈಯಲ್ಲಿ ಬಿಚ್ಚಿಸಲೇ?

ಬಿಚ್ಚಿಸಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ.

ನೀವು ಬರೆದಿರುವುದು ಇಷ್ಟು: ಊರು ಶಿರಾ. ಡೀಸೆಲ್ ಕಾರಿನ ಎಂಜಿನ್ ಕೆಲಸವನ್ನು ತುಮಕೂರಿನ ಒಂದು ಗ್ಯಾರೇಜಿನಲ್ಲಿ 78,000 ರೂಪಾಯಿಗೆ ಮಾಡಿಸಿದ್ದೀರಿ. ಬಿಲ್ಲಿನಲ್ಲಿ ಆರು ತಿಂಗಳು ಅಥವಾ 10,000 ಕಿ.ಮೀ. ಗ್ಯಾರಂಟಿ ಎಂದಿದೆ. 2,300 ಕಿ.ಮೀ. ಓಡುವಷ್ಟರಲ್ಲಿ ನೀಲಿ ಹೊಗೆ ಶುರುವಾಗಿ, ಈಗ 600 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದೆ. ಕೇಳಲು ಹೋದರೆ "ನೀವೇ ಗಾಡಿ ಹೀಟ್ ಮಾಡಿಕೊಂಡಿದ್ದೀರಿ" ಎನ್ನುತ್ತಾರೆ. ಸಿಟ್ಟಿಗೆದ್ದು ಇನ್ನೊಬ್ಬ ಮೆಕ್ಯಾನಿಕ್ ಬಳಿ ಹೋಗಿದ್ದೀರಿ, ಅವರು ಸೋಮವಾರ ಬಿಚ್ಚಿ ನೋಡೋಣ ಎಂದಿದ್ದಾರೆ.

ಆ ಸೋಮವಾರ ನನಗೂ ಬಂದಿತ್ತು. ನಾನು ಶಾಲೆಗಳಿಗೆ ನೋಟ್ ಪುಸ್ತಕ, ಸೀಮೆಸುಣ್ಣ ಸರಬರಾಜು ಮಾಡುವವನು. ತುಮಕೂರಿನಿಂದ ಗುಬ್ಬಿ, ಕೊರಟಗೆರೆ ಕಡೆಗೆ ಹಳೆಯ ಓಮ್ನಿಯಲ್ಲಿ ತಿರುಗಾಟ. ಅದರ ಎಂಜಿನ್ ಕೆಲಸಕ್ಕೆ 31,500 ರೂಪಾಯಿ ಕೊಟ್ಟಿದ್ದೆ. ಬಿಲ್ಲಿನ ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ "6 ತಿಂಗಳು ಗ್ಯಾರಂಟಿ" ಎಂದು ಗೀಚಿದ್ದರು, ಅಷ್ಟೇ. 1,400 ಕಿ.ಮೀ. ಆದಾಗ ಒಂದು ದಿನ ದೇವರಾಯನದುರ್ಗದ ಏರಿನಲ್ಲಿ ಕನ್ನಡಿ ನೋಡಿದರೆ ಹಿಂದಿನ ರಸ್ತೆಯೇ ಕಾಣಿಸುತ್ತಿಲ್ಲ. ಹಿಂದೆ ಬರುತ್ತಿದ್ದ ಬೈಕಿನವನು ಮೂಗು ಮುಚ್ಚಿಕೊಂಡು ನನ್ನನ್ನು ದಾಟಿ ಹೋದ.

ಕಟ್ಟಿದ ಗ್ಯಾರೇಜಿನವರು ಇವತ್ತು ನಾಳೆ ಎಂದು ಮೂರು ವಾರ ಅಲೆಸಿದರು. ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಬಳಿ ಗಾಡಿ ಬಿಟ್ಟು, ಒಂದು ಶಾಲೆಗೆ ಹೋಗಿ ಬರುವಷ್ಟರಲ್ಲಿ ಅವರು ಮುಂದಿನ ಸೀಟು ಎತ್ತಿ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಇಳಿಸಿ, ಪಿಸ್ಟನ್‌ಗಳನ್ನು ಹೊರಗೆಳೆದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟಿದ್ದರು. ಕಾರಣ ಸಿಕ್ಕಿತ್ತು. ಪಿಸ್ಟನ್ನಿನ ಸುತ್ತ ಬಳೆಯಂತೆ ಕೂರುವ ರಿಂಗುಗಳಿರುತ್ತವಲ್ಲ, ಮೂರನೇ ಪಿಸ್ಟನ್ನಿನ ಎರಡನೇ ರಿಂಗನ್ನು ತಲೆಕೆಳಗಾಗಿ ಹಾಕಿದ್ದರಂತೆ. ಆ ರಿಂಗಿನ ಎರಡು ತುದಿಗಳ ನಡುವಿನ ಬಾಯಿಯ ಪಕ್ಕ ಒಂದು ಸಣ್ಣ ಅಕ್ಷರ ಒತ್ತಿರುತ್ತಾರೆ, ಅದು ಮೇಲ್ಮುಖವಾಗಿರಬೇಕು. ಎರಡನೇ ರಿಂಗಿನ ಅಂಚು ಓರೆಯಾಗಿರುತ್ತದೆ. ಸರಿಯಾಗಿ ಕೂತರೆ ಗೋಡೆಯ ಆಯಿಲನ್ನು ಕೆಳಕ್ಕೆ ಹೆರೆಯುತ್ತದೆ, ತಿರುಗಿಸಿ ಹಾಕಿದರೆ ಅದೇ ಆಯಿಲನ್ನು ಮೇಲಕ್ಕೆ ಎತ್ತಿ ಬೆಂಕಿಗೆ ಕೊಡುತ್ತದೆ.

ಆ ರಿಂಗನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಯುದ್ಧ ಗೆದ್ದವನಂತೆ ಮೊದಲ ಗ್ಯಾರೇಜಿಗೆ ಹೋದೆ. ಮಾಲೀಕರು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದರು. "ಇದು ಯಾವ ಗಾಡಿಯದೋ ಯಾರಿಗೆ ಗೊತ್ತು? ಬೇರೆಯವರು ಕೈ ಹಾಕಿದ ಮೇಲೆ ನಮ್ಮ ಗ್ಯಾರಂಟಿ ಮುಗಿಯಿತು" ಎಂದು ವಾಪಸು ಕೊಟ್ಟರು. ನನ್ನ ಬಾಯಿ ಕಟ್ಟಿತು. ರಿಂಗು ತಲೆಕೆಳಗಾಗಿದೆ ಎಂಬುದು ಅದು ಪಿಸ್ಟನ್ನಿನಲ್ಲಿ ಇರುವವರೆಗೆ ಮಾತ್ರ ಕಾಣುವ ಸಂಗತಿ. ಕಳಚಿದ ಮೇಲೆ ಅದು ಬರೀ ಒಂದು ರಿಂಗು. ಫೋಟೊ ಇರಲಿಲ್ಲ. ಗಾಡಿ ಐದು ತಿಂಗಳು ಹುಣಸೆ ಮರದ ಕೆಳಗೆ ನಿಂತಿತು. ವಕೀಲರಿಂದ ನೋಟಿಸ್ ಹೋದ ಮೇಲೆ ಕೂಲಿ ಅವರದು, ಸಾಮಾನು ನನ್ನದು ಎಂಬಲ್ಲಿಗೆ ರಾಜಿಯಾಯಿತು. ನ್ಯಾಯವಾಗಿ ನನಗೆ ಬರಬೇಕಾದ ಅರ್ಧ ಹಣ ಆ ಗೋಣಿಚೀಲದ ಮೇಲೆಯೇ ಹೋಗಿತ್ತು.

ನಿಮ್ಮ ಎಂಜಿನ್ ಇನ್ನೂ ಮುಚ್ಚಿದೆ. ನಿಮ್ಮ ಸಾಕ್ಷ್ಯವೆಲ್ಲ ಅದರೊಳಗಿದೆ. ಬಿಚ್ಚದೆಯೇ ಮಾಡಬಹುದಾದದ್ದನ್ನು ಮೊದಲು ಮಾಡಿ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಆಯಿಲ್ ಅಳೆಯುವ ಕಡ್ಡಿಯ ಮೇಲಿನ ಗೆರೆಯವರೆಗೆ ಆಯಿಲ್ ತುಂಬಿಸಿ, ಆ ಕಡ್ಡಿ (ಡಿಪ್‌ಸ್ಟಿಕ್) ಮತ್ತು ಓಡಿದ ಕಿ.ಮೀ. ಎರಡೂ ಕಾಣುವಂತೆ ವಿಡಿಯೊ ತೆಗೆಯಿರಿ. 200 ಕಿ.ಮೀ. ಮೆಲ್ಲಗೆ ಓಡಿಸಿ ಮತ್ತೆ ಅಳೆಯಿರಿ. ಕೊಂಡ ಪ್ರತಿ ಲೀಟರಿಗೂ ಬಿಲ್ ಇಟ್ಟುಕೊಳ್ಳಿ. ಗೆರೆ ಮೀರಿ ಮಾತ್ರ ತುಂಬಿಸಬೇಡಿ. ಆಯಿಲ್ ಮೇಲೇರುತ್ತಿರುವ ಡೀಸೆಲ್ ಎಂಜಿನ್ ತನ್ನದೇ ಆಯಿಲನ್ನು ಕುಡಿದು, ಕೀ ತೆಗೆದರೂ ನಿಲ್ಲದೆ ಓಡುವುದುಂಟು.

ಆಮೇಲೆ ಕಂಪ್ರೆಶನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗೆ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಎಂದು ಅಳೆಯುವುದು. ಡೀಸೆಲ್ಲಿನಲ್ಲಿ ಇದನ್ನು ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು ಅಲ್ಲಿಂದ ಮಾಡುತ್ತಾರೆ, ಗೇಜ್ ಕೂಡ ಡೀಸೆಲ್ಲಿನದೇ ಆಗಿರಬೇಕು. ಪೆಟ್ರೋಲ್ ಗೇಜಿಗೆ ಆ ಒತ್ತಡ ತಡೆಯುವ ಶಕ್ತಿ ಇಲ್ಲ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು ನೋಡಿ. ಮೂರು ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ದೋಷ ಅಲ್ಲಿದೆ. ಆದರೆ ಕಂಪ್ರೆಶನ್ ಸರಿಯಿದ್ದ ಮಾತ್ರಕ್ಕೆ ರಿಂಗ್ ಸರಿಯಿದೆ ಎನ್ನುವಂತಿಲ್ಲ. ನನ್ನ ಓಮ್ನಿಯಂಥ ದೋಷ ಈ ಪರೀಕ್ಷೆಯಲ್ಲಿ ನುಸುಳಿಕೊಂಡು ಹೋಗಬಹುದು. ಹೊಗೆ ಯಾವಾಗ ಬರುತ್ತದೆ ಎಂಬುದೂ ಮುಖ್ಯ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ, ಏರಿನಲ್ಲಿ ಭಾರ ಎಳೆಯುವಾಗ ಬಿಡದೆ ಬಂದರೆ ರಿಂಗ್ ಮತ್ತು ಬೋರಿನ (ಪಿಸ್ಟನ್ ಓಡಾಡುವ ಕೊಳವೆಯ) ಮೇಲೆ.

ಒಂದು ವಿಷಯದಲ್ಲಿ ಗ್ಯಾರೇಜಿನವರ ಪರ ಮಾತಾಡಬೇಕು. ನಿಮ್ಮ ಗಾಡಿಗೆ ಎಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆಯೇ? ಇದ್ದರೆ ಅದರ ಸೀಲ್ ಹೋದಾಗಲೂ ಇದೇ ನೀಲಿ ಹೊಗೆ, ಇದೇ ಆಯಿಲ್ ಖರ್ಚು. ಬಿಲ್ಲಿನಲ್ಲಿ ಟರ್ಬೊ ಕೆಲಸ ಇಲ್ಲದಿದ್ದರೆ ಆ ದೋಷ ಅವರ ತಲೆಗೆ ಬರುವುದಿಲ್ಲ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ಪೈಪ್ ಕಳಚಿ ನೋಡಿಸಿ. ಒಳಗೆ ತೆಳ್ಳಗೆ ಆಯಿಲ್ ಪಸೆ ಇರುವುದು ಸಹಜ, ಬಗ್ಗಿಸಿದರೆ ಸುರಿಯುವಂತಿದ್ದರೆ ಮೊದಲ ಅನುಮಾನ ಟರ್ಬೊದ ಮೇಲೆ. ಹಾಗೆಯೇ ಮೊದಲ 1,000 ಕಿ.ಮೀ.ಗೆ ಆಯಿಲ್ ಬದಲಿಸಲು ಹೇಳಿದ್ದರೆ, ಅದರ ಬಿಲ್ ನಿಮ್ಮ ಕೈಯಲ್ಲಿರಬೇಕು. ಇಲ್ಲದಿದ್ದರೆ ಎದುರಿನವರು ಹಿಡಿಯುವ ಮೊದಲ ಎಳೆ ಅದೇ.

ಈಗ ಬಿಚ್ಚುವ ವಿಚಾರ. ಕೊನೆಗೆ ಬಿಚ್ಚಲೇಬೇಕು, ಆದರೆ ಅವರ ಎದುರಿನಲ್ಲಿ. ಪರೀಕ್ಷೆಯ ಫಲಿತಾಂಶ ಸೇರಿಸಿ, "ಇಂಥ ದಿನ ಇಬ್ಬರ ಸಮಕ್ಷಮ ಎಂಜಿನ್ ಬಿಚ್ಚಿ ನೋಡೋಣ, ದಿನ ನೀವೇ ಹೇಳಿ" ಎಂದು ಸ್ಪೀಡ್ ಪೋಸ್ಟಿನಲ್ಲಿ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಬರೆಯಿರಿ. ಹದಿನೈದು ದಿನ ಗಡುವು ಕೊಡಿ. ಒಪ್ಪಿದರೆ ಮೊದಲ ಬೋಲ್ಟಿನಿಂದಲೇ ವಿಡಿಯೊ ನಡೆಯಲಿ. ರಿಂಗುಗಳು ಪಿಸ್ಟನ್ನಿನಲ್ಲಿ ಇರುವಾಗಲೇ ಹತ್ತಿರದಿಂದ ಫೋಟೊ ತೆಗೆಯಿರಿ, ಅವುಗಳ ಬಾಯಿಗಳು ಒಂದೇ ಸಾಲಿಗೆ ಬಂದಿವೆಯೇ ನೋಡಿ. ಬೋರಿನ ಅಳತೆಯನ್ನು ಎರಡೂ ಕಡೆಗೆ ಸಂಬಂಧವಿಲ್ಲದ ಲೇತ್ ಅಂಗಡಿಯವರು ತೆಗೆಯಲಿ. ಕೊನೆಗೆ ಕಂಡದ್ದನ್ನು ಕಂಡಂತೆ ಬರೆದು, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಮಹಜರು ಮಾಡಿಕೊಳ್ಳಿ.

ಹೀಟ್ ಆಗಿತ್ತು ಎಂಬ ಅವರ ಮಾತಿಗೂ ಉತ್ತರ ಅಲ್ಲೇ ಸಿಗುತ್ತದೆ. ಎಂಜಿನ್ ಕಾದು ಕೆಟ್ಟಿದ್ದರೆ ಸಾಮಾನ್ಯವಾಗಿ ಹೆಡ್ ಬಾಗಿರುತ್ತದೆ. ಅದರ ಮೇಲೆ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡನ್ನು (ಫೀಲರ್ ಗೇಜ್) ತೂರಿಸಿದರೆ ತಿಳಿಯುತ್ತದೆ. ಪಿಸ್ಟನ್ನಿನ ಪಕ್ಕದಲ್ಲಿ ಉದ್ದುದ್ದ ಉಜ್ಜಿದ ಗೀರುಗಳಿರುತ್ತವೆ. ಹೆಡ್ ನೇರವಾಗಿದ್ದು, ಬೋರಿನ ಗೋಡೆ ಎಲ್ಲ ಕಡೆ ಒಂದೇ ಸಮನೆ ಮಂಕಾಗಿ ಸವೆದಿದ್ದರೆ ಕಥೆ ಬೇರೆ. ಹೋನಿಂಗ್ (ಬೋರಿನ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು) ಆದ ಮೇಲೆ ಬೋರನ್ನು ಸೋಪು ನೀರಿನಲ್ಲಿ, ಬಿಳಿ ಬಟ್ಟೆ ಒರೆಸಿದರೆ ಬೂದು ಬಣ್ಣ ಹತ್ತದಷ್ಟು ತೊಳೆಯಬೇಕು. ಎಷ್ಟೋ ಕಡೆ ಡೀಸೆಲ್ಲಿನಲ್ಲಿ ಒಮ್ಮೆ ಒರೆಸಿ ಮುಗಿಸುತ್ತಾರೆ. ಉಳಿದ ಕಲ್ಲಿನ ಪುಡಿ ಹೊಸ ರಿಂಗುಗಳನ್ನು ಮರಳು ಕಾಗದದಂತೆ ತಿನ್ನುತ್ತದೆ. "ಬೋರಿಂಗ್ ನಾವು ಮಾಡಿದ್ದಲ್ಲ, ಹೊರಗೆ ಕೊಟ್ಟಿದ್ದೆವು" ಎಂಬ ಮಾತೂ ಬರುತ್ತದೆ, ನೋಡುತ್ತಿರಿ. ನೀವು ದುಡ್ಡು ಕೊಟ್ಟದ್ದು ಗ್ಯಾರೇಜಿಗೆ. ಲೇತ್ ಅಂಗಡಿಯ ಲೆಕ್ಕ ಅವರೇ ಚುಕ್ತಾ ಮಾಡಿಕೊಳ್ಳಲಿ.

ಪತ್ರಕ್ಕೆ ಉತ್ತರವೇ ಬಾರದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರಿಗೆ ಎರಡು ವರ್ಷ ಕಾಲಾವಕಾಶ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ, ಆನ್‌ಲೈನ್‌ನಲ್ಲಿಯೂ ಸಲ್ಲಿಸಬಹುದು. ದೋಷವಿದೆ ಎಂದು ತೋರಿಸುವ ಹೊಣೆ ಮಾತ್ರ ನಿಮ್ಮದು, ಅದಕ್ಕೇ ಮೇಲಿನ ರಗಳೆಯೆಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಗಾಡಿಯನ್ನು ನೀವು ಬಾಡಿಗೆಗೆ ಓಡಿಸುವವರಾಗಿದ್ದರೆ "ಇದು ವ್ಯಾಪಾರದ ಗಾಡಿ, ನೀವು ಗ್ರಾಹಕರೇ ಅಲ್ಲ" ಎಂದು ಹೆದರಿಸುತ್ತಾರೆ. ನನಗೂ ಹೇಳಿದ್ದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಬಳಸುವವನನ್ನು ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ.

ಟರ್ಬೊ ಇದೆಯೋ ಇಲ್ಲವೋ, 1,000 ಕಿ.ಮೀ.ಯ ಆಯಿಲ್ ಬಿಲ್ ಇದೆಯೋ ಇಲ್ಲವೋ ತಿಳಿಸಿ, ಪತ್ರದಲ್ಲಿ ಏನು ಬರೆಯಬೇಕೆಂದು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಆ ಎರಡನೇ ಮೆಕ್ಯಾನಿಕ್‌ಗೆ ಫೋನ್ ಮಾಡಿ ಸೋಮವಾರ ಬೇಡ ಎಂದುಬಿಡಿ. ಗಾಡಿ ಆಗಲೇ ಅವರ ಅಂಗಳದಲ್ಲಿ ನಿಂತಿದ್ದರೆ ಇವತ್ತೇ ಹೋಗಿ ತನ್ನಿ. ಒಳ್ಳೆಯ ಮೆಕ್ಯಾನಿಕ್‌ಗಳಿಗೆ ಕೈ ಕಟ್ಟಿಕೊಂಡು ಕೂರುವುದು ಗೊತ್ತಿಲ್ಲ.