ಚರ್ಮಕ್ಕೆ ಹಚ್ಚುವ ಅಯೋಡಿನ್, ಕತ್ತಿನ ಥೈರಾಯ್ಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಹೆಂಡತಿಗೆ 38 ವರ್ಷ. ಸುಸ್ತು, ಕೂದಲು ಉದುರುವುದು, ಮೈಭಾರ. ಮೊಬೈಲಿಗೆ ಬಂದ ವಿಡಿಯೊ ನೋಡಿ ಗಾಯಕ್ಕೆ ಹಾಕುವ ಅಯೋಡಿನ್ ದ್ರಾವಣವನ್ನು ಮುಂಗೈಗೆ ಹಚ್ಚಿ ನೋಡಿದಳು. ಕಲೆ 24 ಗಂಟೆ ಉಳಿಯಬೇಕಂತೆ, ಐದೇ ಗಂಟೆಯಲ್ಲಿ ಹೋಯಿತು. ಮೈಯಲ್ಲಿ ಅಯೋಡಿನ್ ಕಮ್ಮಿ ಇದೆ ಎಂದು ಮೂರು ವಾರದಿಂದ ದಿನಾ ಹೊಟ್ಟೆಗೂ ತೊಡೆಗೂ ಹಚ್ಚಿಕೊಳ್ಳುತ್ತಿದ್ದಾಳೆ. ಇದು ಸರಿಯೇ?
ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಹಚ್ಚುವುದನ್ನು ಇವತ್ತೇ ನಿಲ್ಲಿಸಲು ಹೇಳಿ. ಕಲೆ ಎಷ್ಟು ಹೊತ್ತು ಉಳಿಯಿತು ಎನ್ನುವುದಕ್ಕೂ ಮೈಯಲ್ಲಿ ಅಯೋಡಿನ್ ಎಷ್ಟಿದೆ ಎನ್ನುವುದಕ್ಕೂ ಸಂಬಂಧವಿಲ್ಲ.

ಮನೆಯಲ್ಲೇ ನೋಡಬಹುದು. ಗಾಜಿನ ಲೋಟದಲ್ಲಿ ಅರ್ಧ ನೀರು ಹಾಕಿ, ಅದೇ ದ್ರಾವಣದ ಎರಡು ಹನಿ ಬಿಡಿ. ನೀರು ತಿಳಿ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ. ವಿಟಮಿನ್ ಸಿ ಮಾತ್ರೆಯೊಂದನ್ನು ಪುಡಿ ಮಾಡಿ ಹಾಕಿ ಕದಡಿ. ನೋಡನೋಡುತ್ತಲೇ ನೀರು ತಿಳಿಯಾಗುತ್ತದೆ. ಅಯೋಡಿನ್ ಎಲ್ಲಿಗೂ ಹೋಗಿಲ್ಲ, ಲೋಟದೊಳಗೇ ಇದೆ. ಅಯೊಡೈಡ್ ರೂಪಕ್ಕೆ ತಿರುಗಿ ಬಣ್ಣ ಕಳೆದುಕೊಂಡಿದೆ, ಅಷ್ಟೆ. (ಆ ನೀರನ್ನು ಕುಡಿಯಬೇಡಿ, ಚೆಲ್ಲಿ.) ಚರ್ಮದ ಮೇಲೂ ಹೀಗೇ. ಬೆವರು, ಎಣ್ಣೆಯಂಶ, ಚರ್ಮದ ಪ್ರೊಟೀನು ಸೇರಿ ಒಂದಷ್ಟು ಅಯೋಡಿನ್ನಿನ ಬಣ್ಣ ತೆಗೆಯುತ್ತವೆ. ಮೈಯ ಬಿಸಿಗೆ ಒಂದಷ್ಟು ಆವಿಯಾಗುತ್ತದೆ. ಒಂದಷ್ಟು ಬಟ್ಟೆಗೆ ಉಜ್ಜಿಹೋಗುತ್ತದೆ. ಬೆವರುವ ಕೈಯಲ್ಲಿ ಬೇಗ ಮಾಯ, ಒಣ ಚರ್ಮದಲ್ಲಿ ನಿಧಾನ.

ಇನ್ನು ಪ್ರಮಾಣದ ಲೆಕ್ಕ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ, ಬಸುರಿ ಬಾಣಂತಿಯರಿಗೆ 250. ಗಾಯಕ್ಕೆ ಹಾಕುವ ಶೇ 10ರ ಪೋವಿಡೋನ್ ಅಯೋಡಿನ್ ದ್ರಾವಣದ ಒಂದು ಮಿಲಿಲೀಟರಿನಲ್ಲಿ ಸುಮಾರು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ಎರಡು ತಿಂಗಳಿಗೂ ಹೆಚ್ಚು ದಿನದ ಅಗತ್ಯ ಅದೊಂದೇ ಮಿಲಿಲೀಟರಿನಲ್ಲಿದೆ. ಗಾಯವಿಲ್ಲದ ಚರ್ಮ ಇದರಲ್ಲಿ ಹೀರುವುದು ಸ್ವಲ್ಪವೇ. ಆದರೆ ಅಗಲವಾಗಿ, ದಿನಾ, ವಾರಗಟ್ಟಲೆ ಹಚ್ಚಿದರೆ ಆ ಸ್ವಲ್ಪವೂ ಹೆಚ್ಚಾಗಬಹುದು. ಎಷ್ಟು ಒಳಹೋಯಿತು ಎಂದು ಅಳೆದುಕೊಡುವ ವಿಧಾನ ಇದಲ್ಲ.

ಕತ್ತಿನ ಥೈರಾಯ್ಡ್ ಗ್ರಂಥಿ ಅಯೋಡಿನ್ನಿನಿಂದಲೇ ತನ್ನ ಹಾರ್ಮೋನು ತಯಾರಿಸುತ್ತದೆ; ಆದರೆ ಅಯೋಡಿನ್ ಅತಿಯಾದಾಗ ಆ ತಯಾರಿಯನ್ನೇ ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು 1948ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಆರೋಗ್ಯವಂತ ಗ್ರಂಥಿ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಹಶಿಮೋಟೊ ಎಂಬ ಉರಿಯೂತವಿರುವ ಗ್ರಂಥಿಗೆ ಅದು ಕಷ್ಟ, ಅಲ್ಲಿ ಹೈಪೋಥೈರಾಯ್ಡ್ (ಹಾರ್ಮೋನು ಸಾಲದಾಗುವ ಸ್ಥಿತಿ) ಬಲಿಯಬಹುದು. ಅಯೋಡಿನ್ ಉಪ್ಪು ಸಿಗುವ ಕಡೆ ಹೈಪೋಥೈರಾಯ್ಡಿಗೆ ಮುಖ್ಯ ಕಾರಣವೇ ಈ ಹಶಿಮೋಟೊ. ನಿಮ್ಮ ಮನೆಯವರ ಲಕ್ಷಣಗಳಿಗೂ ಅದೇ ಕಾರಣವಾಗಿದ್ದರೆ, ಮದ್ದೆಂದು ಹಚ್ಚುತ್ತಿರುವುದೇ ಕಾಯಿಲೆಯನ್ನು ಹೆಚ್ಚಿಸಬಹುದು. ಇದು ನನಗೆ ನಿಜವಾಗಿ ಆತಂಕದ ವಿಷಯ. ಹಳೆಯ ಗಳಗಂಡವಿರುವ ವಯಸ್ಸಾದವರಲ್ಲಿ ಇದಕ್ಕೆ ತಿರುಗುಮುರುಗು: ಅಯೋಡಿನ್ ಸಿಕ್ಕೊಡನೆ ಗಂಟು ಅಡೆತಡೆಯಿಲ್ಲದೆ ಹಾರ್ಮೋನು ಸುರಿಸತೊಡಗಿ ಎದೆ ಡವಡವ, ಕೈನಡುಕ, ತೂಕ ಇಳಿಯುವುದು ಶುರುವಾಗಬಹುದು.

ಮಾಡಿಸಬೇಕಾದದ್ದು ರಕ್ತಪರೀಕ್ಷೆ: ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು, ಗ್ರಂಥಿ ಸೋತಾಗ ಏರುತ್ತದೆ), ಫ್ರೀ ಟಿ4 (ಥೈರಾಯ್ಡಿನದೇ ಹಾರ್ಮೋನು), ಜೊತೆಗೆ ಹಶಿಮೋಟೊದ ಸುಳಿವು ಕೊಡುವ ಆಂಟಿ ಟಿಪಿಒ. ಮೂರು ವಾರ ಅಯೋಡಿನ್ ಹಚ್ಚಿದ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. ಟಿಎಸ್‌ಎಚ್ ಸ್ವಲ್ಪವೇ ಏರಿದ್ದರೆ ಜೀವನಪೂರ್ತಿ ಮಾತ್ರೆ ಎಂದು ಹೆದರುವ ಮೊದಲು, ಆರರಿಂದ ಎಂಟು ವಾರ ಬಿಟ್ಟು ಇನ್ನೊಮ್ಮೆ ನೋಡುವುದು ವಾಡಿಕೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಲಿ, ಅದು ಫಲಿತಾಂಶವನ್ನು ಕೆಡಿಸುತ್ತದೆ.

ಪ್ರಶ್ನೆ: ಕಾಫಿ ತೋಟದ ಕೆಲಸ. ಮಳೆಗಾಲದಲ್ಲಿ ದಿನಾ ಜಿಗಣೆ ಕಚ್ಚುತ್ತದೆ, ಕಾಲಿಗೆ ಅಯೋಡಿನ್ ಹಚ್ಚುತ್ತೇನೆ. ಹೈಪೋಥೈರಾಯ್ಡಿಗೆ 75 ಮೈಕ್ರೋಗ್ರಾಂ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ) ಮಾತ್ರೆ ನುಂಗುತ್ತಿದ್ದೇನೆ. ತೊಂದರೆಯಿದೆಯೇ?
ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಕಚ್ಚಿದ ಚುಕ್ಕೆಗಷ್ಟೇ ಒಂದೆರಡು ದಿನ ಹಚ್ಚಿದರೆ ಭಯವಿಲ್ಲ. ಮೊಣಕಾಲಿನವರೆಗೆ ಬಳಿದುಕೊಂಡು ತೋಟಕ್ಕೆ ಇಳಿಯುವ ಅಭ್ಯಾಸವಿದ್ದರೆ ಬಿಡಿ.

ಜಿಗಣೆಯನ್ನು ಸುಡಬೇಡಿ, ಉಪ್ಪು ಸುರಿಯಬೇಡಿ; ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಸಣ್ಣ ತುದಿ ಬಾಯಿ. ಅದರ ಪಕ್ಕದ ಚರ್ಮವನ್ನು ಬಿಗಿಹಿಡಿದು, ಉಗುರನ್ನು ಅಡ್ಡಕ್ಕೆ ಜಾರಿಸಿ ಬಿಡಿಸಿ, ಆಮೇಲೆ ದಪ್ಪ ತುದಿ. ಸೋಪು ನೀರಿನಲ್ಲಿ ತೊಳೆದು ಶುದ್ಧ ಬಟ್ಟೆಯಿಂದ 10ರಿಂದ 15 ನಿಮಿಷ ಒತ್ತಿಹಿಡಿಯಿರಿ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ಹಿರುಡಿನ್ ಇರುವುದರಿಂದ ಆಮೇಲೂ ಜಿನುಗುವುದು ಸಹಜ. ಜಿನುಗುವುದು ನಿಂತ ಮೇಲೆಯೇ ಅಯೋಡಿನ್ ಹಚ್ಚಿ, ಏಕೆಂದರೆ ರಕ್ತವೂ ಕೀವೂ ಅದರ ಶಕ್ತಿ ಕುಂದಿಸುತ್ತವೆ. ಎರಡು ನಿಮಿಷ ಗಾಳಿಗೆ ಒಣಗಲಿ. ಕಂದು ಬಣ್ಣ ಇರುವ ತನಕ ಕೆಲಸ ಮಾಡುತ್ತಿದೆ ಎಂದರ್ಥ. ಹಸಿಯಾಗಿರುವಾಗಲೇ ಪ್ಲಾಸ್ಟಿಕ್ ಸುತ್ತುವುದು, ಗಂಬೂಟಿನೊಳಗೆ ಕಾಲಿಡುವುದು ಬೇಡ, ಚರ್ಮ ಸುಟ್ಟಂತಾಗುತ್ತದೆ. ಬೆರಳ ಸಂದಿಯ ಕೆಸರುಹುಣ್ಣಿಗೆ ಕಾಲು ಒಣಗಿಸಿ ಶಿಲೀಂಧ್ರದ ಮುಲಾಮು ಹಚ್ಚುವುದೇ ಮೇಲು. ತಿಂಗಳುಗಟ್ಟಲೆ ಅಯೋಡಿನ್ ಅಲ್ಲ.

ನಿಮ್ಮ ಗ್ರಂಥಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ ಹೆಚ್ಚುವರಿ ಅಯೋಡಿನ್ ಅದನ್ನು ಇನ್ನಷ್ಟು ಕುಗ್ಗಿಸಿ ಟಿಎಸ್‌ಎಚ್ ಏರಿಸಬಹುದು. ಈ ಮಳೆಗಾಲ ಬಹಳ ಬಳಸಿದ್ದರೆ ಮುಗಿದ ಮೇಲೊಮ್ಮೆ ಪರೀಕ್ಷಿಸಿ. ಥೈರಾಯ್ಡ್ ಸ್ಕ್ಯಾನ್ ಅಥವಾ ವಿಕಿರಣ ಅಯೋಡಿನ್ ಚಿಕಿತ್ಸೆ ಗೊತ್ತಾಗಿದ್ದರೆ ಅದಕ್ಕೆ ಕನಿಷ್ಠ ನಾಲ್ಕು ವಾರ ಮೊದಲಿಂದ ಹಚ್ಚಲೇಬಾರದು.

ಟಿಎಸ್‌ಎಚ್ ಏರಿದರೆ ಅಯೋಡಿನ್ನನ್ನು ದೂರುವ ಮೊದಲು ಬೆಳಗಿನ ಕಾಫಿಯನ್ನೂ ನೋಡಿ. ಖಾಲಿ ಹೊಟ್ಟೆಯಲ್ಲಿ ಮಾತ್ರೆಯನ್ನು ನೀರಿನಲ್ಲೇ ನುಂಗಿ; ಕಾಫಿ, ತಿಂಡಿಗೆ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಅಂತರವಿರಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ.

ಪ್ರಶ್ನೆ: ಮಗುವಿಗೆ ಹನ್ನೆರಡು ದಿನ. ಹೊಕ್ಕುಳಬಳ್ಳಿಗೆ ಅತ್ತೆಯವರು ದಿನಕ್ಕೆ ಎರಡು ಸಲ ಅಯೋಡಿನ್ ಹಚ್ಚುತ್ತಾರೆ.
ಬಾಣಂತಿ, ಮಡಿಕೇರಿ

ಉತ್ತರ: ಬೇಡವೇ ಬೇಡ. ಎಳೆಯ ಚರ್ಮ ಬಹಳ ಹೀರುತ್ತದೆ, ಅತಿಯಾದ ಅಯೋಡಿನ್ನಿನಿಂದ ಚೇತರಿಸಿಕೊಳ್ಳುವ ಶಕ್ತಿ ಎಳೆಯ ಥೈರಾಯ್ಡಿಗೆ ಇನ್ನೂ ಬಂದಿರುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಅಪಾಯ ಇನ್ನೂ ಹೆಚ್ಚು. ಮೊದಲ ತಿಂಗಳುಗಳಲ್ಲಿ ಮಿದುಳು ಬೆಳೆಯಲು ಥೈರಾಯ್ಡ್ ಹಾರ್ಮೋನು ಬೇಕೇಬೇಕು. ಬಳ್ಳಿಯನ್ನು ಒಣಗಲು ಬಿಡಿ, ಡಯಾಪರನ್ನು ಅದರ ಕೆಳಗೆ ಮಡಚಿ. ಮಗುವಿನ ಟಿಎಸ್‌ಎಚ್ ಪರೀಕ್ಷೆ ಆಗಿದೆಯೇ ಕೇಳಿ, ಅಯೋಡಿನ್ ಹಚ್ಚಿದ್ದನ್ನು ಮಕ್ಕಳ ವೈದ್ಯರಿಗೆ ಇವತ್ತೇ ತಿಳಿಸಿ. ಅತ್ತೆಯವರ ಕಾಳಜಿ ದೊಡ್ಡದು, ಆದರೆ ಕೈಗೆ ಸಿಕ್ಕ ಮದ್ದು ಬೇರೆಯದು. ಬಳ್ಳಿಯ ಸುತ್ತ ಕೆಂಪು, ಕೀವು, ವಾಸನೆ ಕಂಡರೆ ಕಾಯಬೇಡಿ.

ಪ್ರಶ್ನೆ: ಹಚ್ಚುವುದು ಬೇಡವೆಂದರೆ ಅಯೋಡಿನ್ ಎಲ್ಲಿಂದ? ಕಣಿಲೆ (ಎಳೆ ಬಿದಿರು) ತಿಂದರೆ ಗಳಗಂಡ ಬರುತ್ತದೆಯೇ?
ಗೃಹಿಣಿ, ವಿರಾಜಪೇಟೆ

ಉತ್ತರ: ಉಪ್ಪಿನಿಂದ. ಮಳೆ ಜೋರಾದ ಬೆಟ್ಟದ ಸೀಮೆಯ ಮಣ್ಣಿನಲ್ಲಿ ಅಯೋಡಿನ್ ತೊಳೆದುಹೋಗುತ್ತದೆ, ಅಲ್ಲಿ ಬೆಳೆದ ಅಕ್ಕಿ, ಸೊಪ್ಪಿನಲ್ಲೂ ಕಡಿಮೆ. ಕಾನೂನಿನ ಪ್ರಕಾರ ಅಂಗಡಿಯಲ್ಲಿ ನೀವು ಕೊಳ್ಳುವ ಅಯೋಡಿನ್ ಉಪ್ಪಿನ ಒಂದು ಗ್ರಾಂನಲ್ಲಿ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು. ಕಲ್ಲುಪ್ಪು ಬಳಸುವವರು ಪ್ಯಾಕೆಟ್ಟಿನ ಮೇಲೆ ಅಯೋಡಿನ್ ಎಂದಿದೆಯೇ ನೋಡಿ ಕೊಳ್ಳಿ. ತೇವ ತಗುಲಿದ ಉಪ್ಪಿನಲ್ಲಿ ಅಯೋಡಿನ್ ಕುಂದುತ್ತದೆ. ಮಳೆಗಾಲದಲ್ಲಿ ಉಪ್ಪು ನೀರೊಡೆಯದಿರಲಿ ಎಂದು ಒಲೆಯ ಪಕ್ಕ ಬಾಯಿ ತೆರೆದಿಟ್ಟರೆ ಬಿಸಿಗೂ ಆವಿಗೂ ಸಿಕ್ಕಿ ಇನ್ನೂ ಹೋಗುತ್ತದೆ. ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯಿಂದ ದೂರ, ಅರ್ಧ ಕಿಲೋದಂತೆ ತಂದಿಡಿ. ಸಾರು ಇಳಿಸುವ ಹೊತ್ತಿಗೆ ಹಾಕುವುದು ಒಳ್ಳೆಯದು.

ಕಣಿಲೆಯಲ್ಲಿರುವ ಸಯನೈಡ್ ಅಂಶ ಮೈಯಲ್ಲಿ ಥಯೋಸಯನೇಟ್ ಆಗಿ, ಥೈರಾಯ್ಡ್ ಅಯೋಡಿನ್ ಎಳೆದುಕೊಳ್ಳುವುದಕ್ಕೆ ಅಡ್ಡಬರುತ್ತದೆ. ಹೆಚ್ಚಿ ನೀರಿನಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ, ಕಡೆಗೆ ಬೇಯಿಸಿ ಆ ನೀರನ್ನೂ ಚೆಲ್ಲಿದರೆ ಬಹುಪಾಲು ಹೋಗುತ್ತದೆ. ಹಿರಿಯರು ಮಾಡುತ್ತಿದ್ದುದೂ ಅದನ್ನೇ. ಅಯೋಡಿನ್ ಉಪ್ಪಿನ ಮನೆಯಲ್ಲಿ ಮಳೆಗಾಲಕ್ಕೆ ನಾಲ್ಕಾರು ಸಲ ಕಣಿಲೆ ಪಲ್ಯ ತಿಂದರೆ ಏನೂ ಆಗದು.